ಟವೆಲಿನ ಕೆಳಗಿನ ಕೈಯೂ ಸಿಬಿಡಿ ಮುಲಾಮೂ

ಕೇಳದಿದ್ದರೂ ಸಲಹೆ ಕೊಡುವವನಿಗೆ ಎದ್ದು ಕಾಣುವ ಜಾಗದಲ್ಲಿ ರೋಗ ಬರಬಾರದು. ಹೊಟ್ಟೆಯೊಳಗಿನದಾದರೆ ಮುಚ್ಚಿಟ್ಟುಕೊಳ್ಳಬಹುದು. ನನಗೆ ಬಂದದ್ದು ಬಲಗೈ ಬೆರಳುಗಳ ಸಂದಿಯಲ್ಲಿ, ಇಸುಬು. ಮುಧೋಳದ ದನದ ಸಂತೆಯಲ್ಲಿ ಬಹಳ ವರ್ಷಗಳಿಂದ ದಲಾಲಿ ಮಾಡುತ್ತ, ಎತ್ತು ಕೊಳ್ಳಲು ಬಂದವರಿಗೆ ಮಗಳ ಮದುವೆಯ ತನಕ ಸಲಹೆ ಕೊಟ್ಟು ಕಳಿಸಿದವನು ನಾನು. ಅವರೆಲ್ಲ ಈಗ ಸರದಿಯಂತೆ ಬಂದು ಸೇಡು ತೀರಿಸಿಕೊಂಡರು. ಒಬ್ಬ ಸುಣ್ಣ ಅಂದ, ಇನ್ನೊಬ್ಬ ಸೀಮೆಎಣ್ಣೆ ಅಂದ, ತೇರದಾಳದವನೊಬ್ಬ ಬಟ್ಟೆ ಸೋಪಿನಲ್ಲಿ ತಿಕ್ಕಿ ತೊಳೆ ಅಂದ. ಯಾರಿಗೂ ಬೇಜಾರು ಮಾಡದೆ ಎಲ್ಲವನ್ನೂ ಮಾಡಿದೆ. ಕೈ ಮೆಣಸಿನಕಾಯಿ ಬಣ್ಣಕ್ಕೆ ಬಂತು.

ನಮ್ಮ ಧಂದೆಯಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಇಬ್ಬರ ಕೈಗಳ ಮೇಲೆ ಒಂದು ಟವೆಲು. ಒಳಗೆ ಹಿಡಿದ ಬೆರಳೆಷ್ಟೋ ಬೆಲೆ ಅಷ್ಟು; ಒಂದು ಬೆರಳೆಂದರೆ ನೂರೋ ಹತ್ತು ಸಾವಿರವೋ ಎಂಬುದು ಮಾಲಿನ ಮೇಲೆ. ಸುತ್ತ ನಿಂತವರಿಗೆ ಕಾಣುವುದು ಮುಖ ಮಾತ್ರ, ಅದರಲ್ಲಿ ಸುಳ್ಳು ಹೇಳುವುದನ್ನು ನಾವು ಮೊದಲೇ ಕಲಿತಿರುತ್ತೇವೆ. ಒಂದು ಸಂತೆಯಲ್ಲಿ ರನ್ನ ಬೆಳಗಲಿಯ ಬೀರಪ್ಪ ಹೋರಿ ಮಾರಲು ಬಂದಿದ್ದ. ಕೊಳ್ಳುವವನ ಪರವಾಗಿ ಕೈ ಕೊಟ್ಟವನು ನಾನು. ವ್ಯವಹಾರ ನಾಲ್ಕು ಬೆರಳಿಗೆ ನಿಂತಿತ್ತು. ಅಷ್ಟರಲ್ಲಿ ಕೆರೆತ ಎದ್ದು, ತಡೆಯಲಾಗದೆ ಅವನ ಕಿರುಬೆರಳಿಗೆ ನನ್ನ ಬೆರಳು ತಿಕ್ಕಿದೆ. "ಆತ್ರಿ ಕಾಕಾ, ಐದಕ್ಕ ಕೊಟ್ಟೆ" ಎಂದು ಬೀರಪ್ಪ ಕೈ ಎಳೆದುಕೊಂಡ. ಕೈಯಲ್ಲಿ ಆಡಿದ ಮಾತನ್ನು ಹಿಂದಕ್ಕೆ ಪಡೆಯುವಂತಿಲ್ಲ. ಮರುವಾರ ಅದೇ ಬೀರಪ್ಪ ಟವೆಲಿನ ಅಂಚು ಎತ್ತಿ ನನ್ನ ಕೆಂಪು ಕೈ ನೋಡಿ, "ಬಾಯಿಲೇ ಹೇಳ್ರಿ ಕಾಕಾ, ಕೈ ಯಾಕ ಬೇಕು?" ಅಂದ. ಅವನನ್ನು ನೋಡಿ ಸಂತೆಯೆಲ್ಲ ಹಾಗೇ ಅನ್ನತೊಡಗಿತು. ಯಾರೂ ಕೈ ಹಿಡಿಯದ ದಲಾಲಿ ಸಂತೆಯಲ್ಲಿ ಚಹಾ ಕುಡಿದು ಮನೆಗೆ ಬರಬೇಕು, ಅಷ್ಟೇ.

ಆಗ ಜಮಖಂಡಿಯಲ್ಲಿ ನೌಕರಿ ಮಾಡುವ ಅಳಿಯ ಒಂದು ಟ್ಯೂಬು ತಂದ. "ಮಾವಾರ, ಇದಕ್ಕ ಸಿಬಿಡಿ ಅಂತಾರ್ರಿ. ಗಾಂಜಾ ಜಾತಿ ಗಿಡದಾಗಿಂದ ತೆಗದದ್ದು. ತುರಿಕಿ, ಮೊಡವಿ ಎಲ್ಲಾಕ್ಕೂ ನಡಿತೈತಂತ. ನಶಾ ಏನ್ ಏರೂದಿಲ್ರಿ."

"ಏರೂದಿಲ್ಲಂದ್ರ ಇಷ್ಟು ರೊಕ್ಕ ಯಾತಕ್ಕ?" ಎಂದೆ, ಟ್ಯೂಬಿನ ಮೇಲಿನ ಬೆಲೆ ನೋಡಿ.

ಒಳಗಿನಿಂದ ಹೆಂಡತಿ, "ಹಚ್ಕೋರಿ, ಹಚ್ಕೋರಿ. ಪೊಲೀಸರು ಬೇಡಿ ಹಾಕಿದ್ರ ಕೆರಕೊಳ್ಳೂದರ ನಿಂದರತೈತಿ" ಎಂದಳು.

ಟ್ಯೂಬನ್ನು ಬನಿಯನ್ನಿನೊಳಗೆ ಇಟ್ಟುಕೊಂಡು, ಠಾಣೆಯ ಎದುರು ಅಗತ್ಯಕ್ಕಿಂತ ಹೆಚ್ಚು ಸಭ್ಯನಾಗಿ ನಡೆದು, ಜಮಖಂಡಿಯ ಚರ್ಮದ ಡಾಕ್ಟರಮ್ಮನ ಬಳಿ ಹೋದೆ. ಆಕೆ ಅದನ್ನು ತಿರುವಿ ನೋಡಿದರು. "ಇದರ ಮ್ಯಾಲ ಸಂಶೋಧನೆ ನಡದೈತ್ರಿ. ತುರಿಕಿ, ಉರಿ ಇಳಸಬಹುದು ಅನ್ನೂ ಆಸೆ ಐತಿ, ಖಾತ್ರಿ ಇನ್ನೂ ಆಗಿಲ್ಲ. ಮ್ಯಾಲ ಬರದಷ್ಟು ಒಳಗ ಇರತೈತೋ ಇಲ್ಲೋ, ಅದೂ ಹೇಳಾಕ ಬರೂದಿಲ್ಲ. ಮೊದಲ ನೀವು ಏನೇನ್ ಹಚ್ಚಾಕತ್ತೀರಿ ಹೇಳ್ರಿ." ಹೇಳಿದೆ. ಸೀಮೆಎಣ್ಣೆಗೆ ಬರುವಷ್ಟರಲ್ಲಿ ಆಕೆ ಪೆನ್ನು ಕೆಳಗಿಟ್ಟರು. ಎಲ್ಲ ಬಿಡಿಸಿ, ಬೇರೆ ಮುಲಾಮು ಬರೆದು, ಇದು ಅಂಟುವ ರೋಗವಲ್ಲ ಎಂದರು. "ಅದನ್ನ ಚೀಟಿ ಮ್ಯಾಲ ಕನ್ನಡದಾಗ, ದಪ್ಪಕ್ಷರದಾಗ ಬರಕೊಡ್ರಿ" ಎಂದು ಕೂತೇಬಿಟ್ಟೆ. ನಿಮಗೂ ಹೇಳುತ್ತೇನೆ, ಡಾಕ್ಟರರ ಹತ್ತಿರ ಫೀಸಿಗೆ ಚೌಕಾಸಿ ಮಾಡಬೇಡಿ, ಅಕ್ಷರಕ್ಕೆ ಮಾಡಿ.

ಕೈ ವಾಸಿಯಾಗಲು ಎರಡು ತಿಂಗಳು ಹಿಡಿಯಿತು. ಆಮೇಲಿನ ಸಂತೆಯಲ್ಲಿ ಬೀರಪ್ಪನಿಗೆ ಚೀಟಿ ತೋರಿಸಿದೆ. ಎರಡು ಸಲ ಗಟ್ಟಿಯಾಗಿ ಓದಿದ. ಆಮೇಲೆ ಅವನ ಕಣ್ಣು ನನ್ನ ಕಿಸೆಯಿಂದ ಇಣುಕುತ್ತಿದ್ದ ಅಳಿಯನ ಟ್ಯೂಬಿನ ಮೇಲೆ ಬಿತ್ತು.

"ಅದೇನ್ರಿ?"

"ಹಚ್ಚದ ಉಳದ ಮುಲಾಮು. ಗುಣ ಖಾತ್ರಿ ಇಲ್ಲಂತ."

"ನನ್ನ ಮೊಣಕೈಯಾಗೂ ಇಸುಬು ಐತ್ರಿ, ಯಾರಿಗೂ ಹೇಳಬ್ಯಾಡ್ರಿ. ದರಾ ಮಾಡೋಣು" ಎಂದು ಟವೆಲು ಹಾಸಿ ನನ್ನ ಕೈ ಹಿಡಿದ.

ಎಷ್ಟೋ ವಾರಗಳ ಮೇಲೆ ಆ ಸಂತೆಯಲ್ಲಿ ಒಬ್ಬ ಮನುಷ್ಯ ನನ್ನ ಕೈ ಹಿಡಿದಿದ್ದ. ಒಂದು ಬೆರಳು ಒತ್ತಿದ, ತಲೆ ಅಲ್ಲಾಡಿಸಿದೆ. ಎರಡು ಒತ್ತಿದ, ಅದಕ್ಕೂ ಅಲ್ಲಾಡಿಸಿದೆ. ದರ ಸಾಲದೆಂದಲ್ಲ, ಒಪ್ಪಿದರೆ ಕೈ ಬಿಡುತ್ತಾನಲ್ಲ ಎಂದು. ಜನ ಸೇರಿ, ಮಾರಾಟಕ್ಕಿರುವ ಎತ್ತು ಎಲ್ಲಿ ಎಂದು ಹುಡುಕತೊಡಗಿದರು. ಐದಕ್ಕೆ ಬಂದಾಗ ನನಗೇ ನಾಚಿಕೆಯಾಗಿ, "ರೊಕ್ಕ ಬ್ಯಾಡೋ ಬೀರಪ್ಪ, ಹಂಗ ಒಯ್ಯಿ. ಡಾಕ್ಟರಿಗೆ ತೋರಿಸಿ ಹಚ್ಕೋ" ಎಂದೆ.

ಬೀರಪ್ಪ ಥಟ್ಟನೆ ಕೈ ಎಳೆದುಕೊಂಡ. "ನೀವು ಹಂಗ ಕೊಡ್ತೀರಂದ್ರ ಇದರಾಗ ಏನೋ ದೊಡ್ಡ ಐಬ ಐತ್ರಿ ಕಾಕಾ" ಎಂದವನೇ ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತ ಹೊರಟುಹೋದ.