ಹೊಸ ಕಾರಿನ ಮುಂದೆ ನಾನು ನಡೆದದ್ದು

ಕೊಟ್ಟೂರಿನಲ್ಲಿ ನನ್ನದು ಶೇಂಗಾ ವ್ಯಾಪಾರ. ಚೀಲದ ಮೇಲಿನ ಒಂದು ಮುಷ್ಟಿ ಕಾಯಿ ನೋಡಿದರೆ ಸಾಕು, ತಳದಲ್ಲಿ ಎಷ್ಟು ಮಣ್ಣಿದೆ ಎಂದು ಹೇಳಬಲ್ಲೆ. ಹೆಂಡತಿ ಸೌಭಾಗ್ಯಳ ವಿಷಯದಲ್ಲಿ ಮಾತ್ರ ಈ ವಿದ್ಯೆ ನಡೆದಿಲ್ಲ. ಮೇಲ್ನೋಟಕ್ಕೆ ಸಾಧು ಮಾಲು. ತೂಕ ಸರಿ, ಕಲಬೆರಕೆ ಇಲ್ಲ, ಎಷ್ಟು ದಿನ ಇಟ್ಟರೂ ಹುಳ ಹಿಡಿಯುವುದಿಲ್ಲ. ಆದರೆ ಈ ಚೀಲದ ತಳವನ್ನು ನಾನಿನ್ನೂ ಕಂಡಿಲ್ಲ.

ಹೋದ ಶ್ರಾವಣದಲ್ಲಿ ಕಾರು ತಂದೆ. ಯಾಕೆಂದು ಕೇಳಬೇಡಿ. ನಮ್ಮ ಬೀದಿಯಲ್ಲಿ ಎದುರಿಗೆ ಎಮ್ಮೆ ಬಂದರೆ ಒಬ್ಬರು ಯಾರದಾದರೂ ಮನೆಯೊಳಗೆ ಹೋಗಬೇಕು. ಆದರೂ ಅಲ್ಲಿ ಐದು ಕಾರುಗಳಿವೆ. ಎಲ್ಲವೂ ಮದುಮಗಳಂತೆ ಮುಸುಕು ಹೊದ್ದು ನಿಂತಿರುತ್ತವೆ. ಯಜಮಾನರು ಪರವೂರಿಗೆ ಬಸ್ಸಿಗೇ ಹೋಗುತ್ತಾರೆ. (ಕಾರಿಗೆ ಧೂಳಾಗುತ್ತದಲ್ಲ!) ಈ ದೇಶದಲ್ಲಿ ಕಾರು ಹತ್ತಲಿಕ್ಕಲ್ಲ, ಇದೆ ಎನ್ನಲಿಕ್ಕೆ.

ನನಗೆ ಇನ್ನೊಂದು ಆಸೆಯೂ ಇತ್ತು. ಮೊದಲ ಪೂಜೆಗೆ ಹತ್ತಾರು ಮೈಲಿ ಆಚೆ ಉಜ್ಜಿನಿಯ ಮರುಳಸಿದ್ದಪ್ಪನ ಗುಡಿಗೆ ಹೊರಡುವಾಗ ಸ್ಟೇರಿಂಗು ನನ್ನ ಕೈಯಲ್ಲಿರಬೇಕು, ಇಡೀ ಬೀದಿ ಕಟ್ಟೆಯ ಮೇಲಿರಬೇಕು. ಲೈಸೆನ್ಸು ಬಂದಿತ್ತು. (ಓಡಿಸಲು ಕಲಿಸಿದ ಪುಣ್ಯಾತ್ಮ ಈಗ ಬೇರೆ ಉದ್ಯೋಗ ಹಿಡಿದಿದ್ದಾನೆ.)

ಸೋಮವಾರ ಬೆಳಿಗ್ಗೆ ಕಾರಿಗೆ ಚೆಂಡುಹೂವಿನ ಹಾರ ಹಾಕಿಸಿ ಒಳಗೆ ಕುಳಿತೆ. ಸೌಭಾಗ್ಯ ಬಂದು ಬಾಗಿಲು ತೆರೆದಳು.

"ಇಳೀರಿ."

"ಯಾಕ? ಏನಾರ ಮರ್ತೀ ಏನು?"

"ನಾ ಏನೂ ಮರ್ತಿಲ್ಲ. ಮನಿಗೆ ಕಾರು ಬಂದ್ರ ಉಜ್ಜಿನಿಗೆ ನಡಕೊಂಡು ಹೋಗೋದಂತ ಮರುಳಸಿದ್ದಪ್ಪಗ ಹರಕಿ ಹೊತ್ತೀನಿ."

"ಹಂಗಾರ ನೀ ನಡಿ. ನಿನ್ನ ಹಿಂದ ನಾ ಕಾರು ತರ್ತೀನಿ."

"ಹೊತ್ತಾಕಿ ನಾನು, ನಡಿಯೋರು ನೀವು. ನಿಮ್ಮ ಹೆಸರಿಲೆ ಹೊತ್ತೀನಿ."

"ನನ್ನ ಒಂದು ಮಾತು ಕೇಳಲಾರದ?"

"ಕಾರು ತರೂವಾಗ ನನ್ನ ಕೇಳಿದ್ರೇನು? ಶುಗರ್ ಐತಿ, ದಿನಾ ನಡೀರಿ ಅಂತ ಡಾಕ್ಟರು ಅಂದ್ರ, ನೀವು ಕಾರು ತಂದ್ರಿ!"

ಬೀದಿ ಕಟ್ಟೆಯ ಮೇಲೆಯೇ ಇತ್ತು. ವ್ಯಾಪಾರಿ ಸುಮ್ಮನೆ ಬಿಡುತ್ತಾನೆಯೇ? "ಅರ್ಧ ದಾರಿ ನಡೀತೀನಿ, ಅರ್ಧ ಕಾರು," ಎಂದೆ.

"ದೇವ್ರ ಹತ್ರ ಚೌಕಾಸಿ ಬ್ಯಾಡ್ರಿ. ಕಾರು ಅರ್ಧ ಬಂದೈತೇನು?"

ಇಳಿದೆ. ಅವಳ ತಮ್ಮ ಗುರುಬಸವರಾಜ ನನ್ನ ಸೀಟಿನಲ್ಲಿ ಕುಳಿತ. ಮಹಾರಾಣಿ ಹಿಂದೆ, ತಣ್ಣನೆಯ ಏಸಿಯಲ್ಲಿ. ನಾನು ಮುಂದೆ, ಪಲ್ಲಕ್ಕಿಯ ಮುಂದೆ ದಾರಿ ಬಿಡಿಸುತ್ತ ನಡೆಯುವ ಭಾಲದಾರನಂತೆ.

ಊರು ದಾಟುತ್ತಲೇ ಹಿಂದಿನಿಂದ ಹಾರನ್ನು. "ಮಾಮಾ, ಜರಾ ಜಲ್ದಿ! ಫಸ್ಟ್ ಗೇರಿನ್ಯಾಗ ಇಂಜಿನ್ ಕಾಯಾಕತ್ತೈತಿ!"

"ನನ್ನ ತಲೀನೂ ಕಾಯಾಕತ್ತೈತಲೇ!"

ಕುರಿ ಹೊಡೆದುಕೊಂಡು ಬರುತ್ತಿದ್ದ ಮುದುಕಿಯೊಬ್ಬಳು ನಿಂತು ನನ್ನನ್ನೂ ಕಾರನ್ನೂ ನೋಡಿದಳು.

"ಯಪ್ಪಾ, ಒಳಗ ಜಾಗ ಇಲ್ಲೇನು?"

"ಐತಬೇ."

"ಕಾರು ಯಾರದು?"

"ನಂದ."

"ಮತ್ಯಾಕ ನಡಿಯಾಕತ್ತೀ?"

"ಕಾರು ಬಂದೈತಲ್ಲ, ಅದಕ್ಕ."

ಮುದುಕಿ ತನ್ನ ಕುರಿಗಳನ್ನು ನನ್ನಿಂದ ದೂರಕ್ಕೆ ಹೊಡೆದುಕೊಂಡು ಹೋದಳು.

ಉಜ್ಜಿನಿ ತಲುಪುವಷ್ಟರಲ್ಲಿ ಪಾದಗಳಲ್ಲಿ ಬೊಬ್ಬೆಗಳು. ಬರುವಾಗಲಾದರೂ ನಾನೇ ಓಡಿಸೋಣವೆಂದರೆ ಎಡಗಾಲು ಕ್ಲಚ್ಚು ತುಳಿಯಲು ಒಪ್ಪಲಿಲ್ಲ. ಅಷ್ಟು ಸಾಲದೆಂಬಂತೆ ಸೌಭಾಗ್ಯ ಬೀಗದ ಕೈಯನ್ನು ದೇವರ ಮುಂದಿಟ್ಟು, ಕಣ್ಣು ಮುಚ್ಚಿ, ನನಗೆ ಕೇಳಿಸುವಷ್ಟು ಗಟ್ಟಿಯಾಗಿ ಬೇಡಿಕೊಂಡಳು:

"ಯಪ್ಪಾ, ಕಾರಿಗೆ ಒಂದು ಗೀರು ಬೀಳದಂಗ ಕಾಯಿ. ಎಲ್ಲೀತನಕ ಗೀರು ಬೀಳಂಗಿಲ್ಲ, ಅಲ್ಲೀತನಕ ಅಮಾಸಿಗೊಮ್ಮೆ ನಮ್ಮ ಮನಿಯವರು ನಡಕೊಂಡು ಬರ್ತಾರ."

ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ವಾಪಸು ಬರುವಾಗ ಯೋಚಿಸಿದೆ. ಒಂದೇ ಒಂದು ಗೀರು ಬಿದ್ದರೆ ಜೀವಮಾನದ ನಡಿಗೆ ತಪ್ಪುತ್ತದೆ. ಇಷ್ಟು ಲಾಭದ ವ್ಯಾಪಾರ ನನ್ನ ಶೇಂಗಾ ಮಂಡಿಗೆ ಎಂದೂ ಬಂದಿರಲಿಲ್ಲ.

ಮರುದಿನ ಮಧ್ಯಾಹ್ನ ಸೌಭಾಗ್ಯ ಮಲಗಿದ ಮೇಲೆ, ಒಂದು ಮೊಳೆ ಹಿಡಿದು ಕಾರಿನ ಪಕ್ಕ ನಿಂತೆ. ಬಣ್ಣದಲ್ಲಿ ನನ್ನ ಮುಖ ಕಾಣುತ್ತಿತ್ತು. ಕನ್ನಡಿಯಲ್ಲಿ ಕಾಣುವುದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಮೊಳೆ ಎತ್ತಿದೆ. ಇಳಿಸಿದೆ. ಮತ್ತೆ ಎತ್ತಿದೆ. ಕೊನೆಗೆ ಅದನ್ನು ಜೇಬಿಗೆ ಹಾಕಿಕೊಂಡು, ಪಂಚೆಯ ತುದಿಯಿಂದ ಬಾಗಿಲನ್ನು ಮೆತ್ತಗೆ ಒರೆಸಿದೆ.

ಮನೆಯ ಕಿಟಕಿಯೊಳಗಿಂದ ಸೌಭಾಗ್ಯಳ ದನಿ ಬಂತು. "ಕೈ ಬರಲಿಲ್ಲೇನ್ರಿ?"

ಕಾರಿಗೆ ಇವತ್ತಿಗೂ ಒಂದು ಗೀರಿಲ್ಲ. ಬರುವ ಅಮಾವಾಸ್ಯೆಗೆ ಉಜ್ಜಿನಿಯವರೆಗಿನ ಒಂದು ನಡಿಗೆ, ಸೌಭಾಗ್ಯಳಿಗೆ ನನ್ನಿಂದ ಬಾಕಿ.