ಪಂಪ್ ಕಾರ್ಖಾನೆಯ ಬೀಗ

ಬೀಗದ ಕೈ ಕಳೆದುಕೊಂಡದ್ದು ಸರ್ಕಾರ. ನೆಮ್ಮದಿ ಕೆಟ್ಟದ್ದು ಮಾತ್ರ ಇಡೀ ಬೀದಿಗೆ.

ಬೆಳಿಗ್ಗೆ ಜೀಪಿನಿಂದಿಳಿದ ಅಧಿಕಾರಿಯೊಬ್ಬರು, ರಸ್ತೆ ಬದಿಯಲ್ಲಿ ಕೀಲಿಕೈ ಮಾಡಿಕೊಡುವ ಲೇತಣ್ಣನ ಮುಂದೆ ನಿಂತು ವಿಷಯ ತಿಳಿಸಿದರು. ಬೀದಿಯ ಕೊನೆಯಲ್ಲಿರುವ ಸರ್ಕಾರಿ ಪಂಪ್ ಕಾರ್ಖಾನೆ ಮತ್ತೆ ಶುರುವಾಗಲಿದೆ. ನಾಳೆ ಮಂತ್ರಿಗಳೇ ಬಂದು ಬಾಗಿಲ ಬೀಗ ತೆಗೆಯುತ್ತಾರೆ. ಆದರೆ ಕಚೇರಿ ಬದಲಾಯಿಸುವಾಗ ಅದರ ಕೈ ಎಲ್ಲೋ ಹೋಗಿದೆ. ಇವತ್ತೇ ಬೀಗ ತೆಗೆದು ಹೊಸ ಕೈ ಮಾಡಿಕೊಡಬೇಕು.

ಲೇತಣ್ಣನ ಕೈಯಲ್ಲಿದ್ದ ಅರ ಜಾರಿತು. ಅವನು ಅದೇ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುತ್ತಿದ್ದವನು. ಹೆಸರು ಅಂಟಿಕೊಂಡದ್ದೂ ಅದರಿಂದಲೇ. ಕಾರ್ಖಾನೆ ಮುಚ್ಚಿದ ದಿನ ಉಳಿದವರೆಲ್ಲ ಗೇಟಿನ ಮುಂದೆ ಕೂಗಾಡುತ್ತಿದ್ದರೆ, ಅವನು ಒಳಗೆ ತನ್ನ ಲೇತಿಗೆ ಎಣ್ಣೆ ಹಚ್ಚಿ, ಮನೆಯಿಂದ ತಂದ ನೀಲಿ ಹೊದಿಕೆ ಹೊದಿಸಿ ಬಂದಿದ್ದ. ಆಮೇಲೆ ಆ ಕಡೆ ತಲೆ ಹಾಕಿರಲಿಲ್ಲ. ಬೀಗ ಬಿದ್ದ ಬಾಗಿಲನ್ನು ನೋಡಲು ಅವನಿಗೆ ಮನಸ್ಸಿರಲಿಲ್ಲ. "ಸರ್ಕಾರ ಕಟ್ಟಿದ್ದು ಅಂದ್ರೆ ನಮ್ಮೆಲ್ಲರದು. ಒಂದಲ್ಲ ಒಂದಿನ ಅದೇ ತೆಗೆಯುತ್ತೆ" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತ ಬಂದಿದ್ದ. ಬೀದಿಯವರು ಹೌದೌದು ಎಂದು ತಲೆಯಾಡಿಸುತ್ತಿದ್ದರು.

"ಹಳೇ ಕೆಲಸಗಾರರನ್ನ ತಗೋತೀರಾ ಸಾರ್?" ಎಂದು ಕೇಳಿದ.

"ಮೊದಲು ಅವರನ್ನೇ" ಎಂದು ಅಧಿಕಾರಿ ಮುಂದೆ ಹೋದರು.

ಜೀಪು ತಿರುಗುವ ಮೊದಲೇ ಸುದ್ದಿ ಬೀದಿಯೆಲ್ಲ ತಿರುಗಿತ್ತು. ಕ್ಷೌರದಂಗಡಿಯವನು ಓಡಿ ಬಂದು, ಮಂತ್ರಿಗಳ ಕೆಲಸಕ್ಕೆ ಈ ಗಡ್ಡದಲ್ಲಿ ಹೋಗುವುದೇ ಎಂದು ಗದರಿಸಿ, ಲೇತಣ್ಣನನ್ನು ತನ್ನ ಹಸಿರು ಕಬ್ಬಿಣದ ಕುರ್ಚಿಗೆ ಎಳೆದು ಕೂರಿಸಿದ. ಒಂದು ಕೆನ್ನೆ ಮುಗಿಸಿ, ಹೊಸ ಬ್ಲೇಡ್ ತರುತ್ತೇನೆಂದು ಹೋದವನ ಪತ್ತೆಯೇ ಇಲ್ಲ. ಕಾದು ಸಾಕಾಗಿ ಎದ್ದರೆ ಟೈಲರ್ ತೋಳು ಹಿಡಿದ. ಪೆಟ್ಟಿಗೆಯ ಬೀಗ ಕಚ್ಚಿಕೊಂಡಿದೆ, ಗಿರಾಕಿಯ ಬಟ್ಟೆ ಒಳಗಿದೆ, ಮಾನ ಉಳಿಸಬೇಕು. ಹಸಿರು ಕಾಲಿನ ದೊಡ್ಡ ಮೇಜಿನ ಮೇಲಿದ್ದ ಆ ಬೀಗವನ್ನು ಲೇತಣ್ಣ ಮುಟ್ಟಿದ್ದೇ ತಡ ಬಿಚ್ಚಿಕೊಂಡಿತು. ಅದನ್ನು ಹಾಕಿಯೇ ಇರಲಿಲ್ಲ. ಅಷ್ಟರಲ್ಲಿ ಲೇತಣ್ಣನ ಬಾವಮೈದುನ ಸಲಕರಣೆಯ ಚೀಲ ಹೊರುತ್ತೇನೆಂದು ಕಿತ್ತುಕೊಂಡು, ಕಾರ್ಖಾನೆಯೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಹೋದ.

ತನ್ನ ಮೇಲೆ ಇವರಿಗೆಲ್ಲ ಎಷ್ಟು ಅಕ್ಕರೆ ಎಂದು ಲೇತಣ್ಣ ಹಿಗ್ಗಿದ. ಚೀಲ ಹುಡುಕಿ ಹಿಡಿದು ಕಾರ್ಖಾನೆ ಸೇರುವಾಗ ಬಿಸಿಲು ಇಳಿದಿತ್ತು. ಅಧಿಕಾರಿ ಅವನ ಎರಡು ಕೆನ್ನೆಗಳನ್ನೂ ಬೇರೆ ಬೇರೆಯಾಗಿ ನೋಡಿ, ಬೀಗದ ಕಡೆ ಕೈ ತೋರಿಸಿದರು.

ಬೀಗ ಭಾರಿಯಾಗಿತ್ತು. ವರ್ಷಕ್ಕೊಮ್ಮೆ ಯಾರೋ ಅಧಿಕಾರಿ ಬಂದು ಅದನ್ನು ಎಳೆದು ನೋಡಿ, ಭದ್ರವಾಗಿದೆ ಎಂದು ಬರೆದುಕೊಂಡು ಹೋಗುತ್ತಿದ್ದರಂತೆ. ನಿಜಕ್ಕೂ ಭದ್ರವಾಗಿತ್ತು. ಲೇತಣ್ಣ ಬೆವರು ಸುರಿಸಿ ಅದನ್ನು ತೆಗೆದು ಬಾಗಿಲು ತಳ್ಳಿದ.

ಒಳಗೆ ಬೇಕಾದಷ್ಟು ಬೆಳಕಿತ್ತು, ಯಾಕೆಂದರೆ ಹಿಂದಿನ ಗೋಡೆ ಇರಲಿಲ್ಲ. ಯಂತ್ರಗಳೂ ಇರಲಿಲ್ಲ. ಅವುಗಳಿಗೆ ಬಳಿಯುತ್ತಿದ್ದ ಹಸಿರು ಬಣ್ಣದ ಕಲೆ ಮಾತ್ರ ನೆಲದಲ್ಲಿ ಉಳಿದಿತ್ತು. ಗೋಡೆ ಇದ್ದ ಜಾಗದಿಂದ ನೇರವಾಗಿ ಬೀದಿಯ ಹಿತ್ತಿಲುಗಳು ಕಾಣುತ್ತಿದ್ದವು: ಅದೇ ಹಸಿರಿನ ಕದ, ಅದೇ ಹಸಿರಿನ ಕೋಳಿಗೂಡು. ಕ್ಷೌರದ ಕುರ್ಚಿ, ಟೈಲರ್ ಮೇಜು ಲೇತಣ್ಣನ ಕಣ್ಣ ಮುಂದೆ ಬಂದವು. ಲೇತ್ ಇದ್ದಲ್ಲಿ ನಾಲ್ಕು ಬೋಲ್ಟುಗಳ ಪಕ್ಕ ನೀಲಿ ಹೊದಿಕೆ ಇತ್ತು. ಲೇತ್ ಒಯ್ದವರು ಅದನ್ನು ಅಚ್ಚುಕಟ್ಟಾಗಿ ಮಡಿಸಿಟ್ಟಿದ್ದರು. ಅವನಿಗೆ ಅಳು ಬಂತು.

"ಸಾರ್, ಒಳಗೆ ಏನೂ ಇಲ್ಲ."

ಅಧಿಕಾರಿ ಒಳಗೆ ಇಣುಕಿ ನೋಡಿದರು. "ನಾಳೆ ಇರೋದು ಬೀಗ ತೆಗೆಯೋ ಕಾರ್ಯಕ್ರಮ. ಒಳಗೆ ಹೋಗೋ ಕಾರ್ಯಕ್ರಮ ಇಲ್ಲ." ಬಾಗಿಲನ್ನು ತಾವೇ ಎಳೆದುಕೊಂಡರು. "ಕೈ ಸಲೀಸಾಗಿ ತಿರುಗೋ ಹಾಗೆ ಮಾಡು. ಅದೇನು ನಿನ್ನ ಕಂಕುಳಲ್ಲಿ?"

"ನನ್ನದೇ ಹೊದಿಕೆ ಸಾರ್."

"ಒಳಗಿರೋದೆಲ್ಲ ಸರ್ಕಾರದ ಸೊತ್ತು. ಇಟ್ಟು ಬಾ."

ಲೇತಣ್ಣ ಇಟ್ಟು ಬಂದ. ದಾರಿಯಲ್ಲಿ ಕ್ಷೌರದಂಗಡಿಯವನು ಹೊಸ ಬ್ಲೇಡ್ ಹಿಡಿದು ನಿಂತಿದ್ದ. ಇನ್ನೊಂದು ಕೆನ್ನೆ ಮುಗಿಸೋಣವೆಂದು ಮೆಲ್ಲಗೆ ಕರೆದ. ಲೇತಣ್ಣ ನಿಲ್ಲಲಿಲ್ಲ.

ಸಂಜೆ ಅವನು ಹೊಸ ಕೀಲಿಕೈಯನ್ನು ಬಿಗಿಯಾಗಿ ಹಿಡಿಯುವ ಕಬ್ಬಿಣದ ವೈಸ್‌ಗೆ ಸಿಕ್ಕಿಸಿ ಉಜ್ಜುತ್ತಿದ್ದಾಗ ಬಾವಮೈದುನ ಬಂದು ತಲೆ ತಗ್ಗಿಸಿ ನಿಂತ.

"ಬಾವ, ನಮ್ಮೆಲ್ಲರದು ಅಂತ ನೀವೇ ಅಲ್ವಾ ಹೇಳ್ತಿದ್ದಿದ್ದು?"

ಲೇತಣ್ಣನಿಗೆ ರೇಗಿತು. ಅರ ಜಾರಿ ವೈಸ್‌ಗೆ ಬಡಿದು ಅದರ ಕಪ್ಪು ಬಣ್ಣ ಚೂರು ಕಿತ್ತುಬಂತು. ಅಡಿಯಲ್ಲಿ ಹಸಿರಿತ್ತು. ಅಂಗಡಿ ಇಟ್ಟ ದಿನ ಬಾವಮೈದುನನೇ ಉಡುಗೊರೆಯಾಗಿ ತಂದುಕೊಟ್ಟ ವೈಸ್ ಅದು. ಇಷ್ಟು ವರ್ಷ ಲೇತಣ್ಣನ ಮನೆಗೆ ಅನ್ನ ಹಾಕಿದ್ದೂ ಅದೇ.

ಬಾವಮೈದುನ ರಸ್ತೆಯ ಕಡೆ ನೋಡತೊಡಗಿದ. ಲೇತಣ್ಣ ಬೆರಳಲ್ಲಿ ಒಂದಿಷ್ಟು ಎಣ್ಣೆ ತೆಗೆದು ಆ ಹಸಿರಿನ ಮೇಲೆ ಸವರಿ, ಮತ್ತೆ ಅರ ಎತ್ತಿಕೊಂಡ. ಕೈ ನಾಳೆಗೆ ಬೇಕಾಗಿತ್ತು.