ದೊಡ್ಡಮ್ಮನ ಕನಸಿನಲ್ಲಿ ಸತ್ತವರು

ನನ್ನ ದೊಡ್ಡಮ್ಮ ಕೊಲೆಗಾರ್ತಿ. ಇದನ್ನು ಬರೆಯಲು ನನಗೆ ಯಾವ ಅಳುಕೂ ಇಲ್ಲ. ಏಕೆಂದರೆ ಕೊಲೆಯಾದವರಲ್ಲಿ ನಾನೂ ಒಬ್ಬ. ಅದೂ ಒಂದು ಸಲವಲ್ಲ! ದೊಡ್ಡಮ್ಮನ ಊರಾದ ಹೆಗ್ಗದ್ದೆಯಿಂದ ಯಸಳೂರಿನವರೆಗೆ ನಮ್ಮ ನೆಂಟರು, ನೆರೆಯವರು, ಬಸ್ಸಿನ ಕಂಡಕ್ಟರು, ಡೈರಿಯಲ್ಲಿ ಹಾಲು ಅಳೆಯುವವನು ಎಲ್ಲರೂ ಅವರ ಕೈಯಲ್ಲಿ ಒಂದಲ್ಲ ಒಂದು ದಿನ ಸತ್ತವರೇ. ಸತ್ತವರೆಲ್ಲ ಸದ್ಯಕ್ಕೆ ಕ್ಷೇಮವಾಗಿದ್ದಾರೆ. ಮದುವೆ ಮನೆಯಲ್ಲಿ ಸಿಕ್ಕರೆ ತಾವು ಹೇಗೆ ಸತ್ತೆವೆಂದು ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಾರೆ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಅವರು ಕೊಲ್ಲುವುದು ಕನಸಿನಲ್ಲಿ. ಯಾರಾದರೂ ಸತ್ತಂತೆ ಕನಸು ಬಿದ್ದರೆ ಅವರ ಆಯಸ್ಸು ಹೆಚ್ಚುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಉಳಿದವರಿಗೆ ಅಂಥ ಕನಸು ಬೀಳುವುದು ಎಲ್ಲೋ ಅಪರೂಪಕ್ಕೆ. ಬಿದ್ದರೂ ಗಾಬರಿಯಾಗಿ ದೇವರಿಗೊಂದು ದೀಪ ಹಚ್ಚಿ ಸುಮ್ಮನಾಗುತ್ತಾರೆ. ದೊಡ್ಡಮ್ಮನಿಗೆ ಹಾಗಲ್ಲ. ವಾರ ಬಿಟ್ಟು ವಾರ ಯಾರಾದರೊಬ್ಬರು ಸಾಯಲೇಬೇಕು. ಸತ್ತ ಸುದ್ದಿಯನ್ನು ಸತ್ತವರಿಗೇ ಮುಟ್ಟಿಸಬೇಕು, ಅದೂ ಪೂರ್ತಿ ವಿವರದೊಂದಿಗೆ. ಇಲ್ಲದಿದ್ದರೆ ಆಯಸ್ಸು ಸೇರುವುದಿಲ್ಲ ಎನ್ನುವುದು ಅವರೇ ಸೇರಿಸಿಕೊಂಡ ನಿಯಮ.

ಅವರ ಮನೆಯೊಳಗೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಒಂದು ಕಲ್ಲಿದೆ, ಅದರ ಮೇಲೆ ನಿಂತರೆ ಮಾತ್ರ ಸಿಗುತ್ತದೆ. ಅಲ್ಲಿ ನಿಂತು ಅವರು ಕೂಗಿದರೆ ನಿಜಕ್ಕೂ ಫೋನಿನ ಅಗತ್ಯವೇ ಇಲ್ಲ! ನಾನು ಕುಂದೂರಿನ ಹೈಸ್ಕೂಲಿಗೆ ಕನ್ನಡ ಮೇಷ್ಟ್ರಾಗಿ ಸೇರಿದ ಹೊಸತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೂತಿದ್ದಾಗ ಫೋನ್ ಬಂತು. ಎತ್ತಿದ್ದೇ ತಡ, "ಸತ್ತೋಗ್ಬುಟ್ಟೆ ಕಣೋ, ಹೆಣ ಇನ್ನೂ ಅಂಗಳದಲ್ಲೇ ಐತೆ" ಎಂಬ ದನಿ ಇಡೀ ಕೋಣೆಗೆ ಕೇಳಿಸಿತು. ಎಲ್ಲರ ಕೈಯಲ್ಲಿದ್ದ ಪೆನ್ನು ನಿಂತಿತು. ಹೆಡ್ ಮಾಸ್ಟರು ಎದ್ದು ನಿಂತರು. ಗಣಿತದ ಮೇಷ್ಟ್ರು ನನ್ನ ಹೆಗಲ ಮೇಲೆ ಕೈಯಿಟ್ಟು, ಯಾರು ತೀರಿಕೊಂಡಿದ್ದು ಎಂದು ಮೆಲ್ಲಗೆ ಕೇಳಿದರು. ನಾನೇ ಎಂದೆ.

ನನ್ನ ಹೆಂಡತಿ ಮದುವೆಯಾಗಿ ಮೊದಲ ಸಲ ಹೆಗ್ಗದ್ದೆಗೆ ಬಂದಾಗಿನ ಕತೆಯನ್ನಂತೂ ಅವಳು ಇವತ್ತಿಗೂ ಮರೆತಿಲ್ಲ. ಬೆಳಗ್ಗೆ ಬಿಸಿ ಕಡುಬು ಬಡಿಸುತ್ತಾ ದೊಡ್ಡಮ್ಮ ಬಹಳ ಪ್ರೀತಿಯಿಂದ, ರಾತ್ರಿ ನಿನ್ನ ಗಂಡ ಹೋಗ್ಬುಟ್ಟ ಕಣವ್ವ ಎಂದರು. ಹುಡುಗಿ ಬೆಚ್ಚಿ ಪಕ್ಕಕ್ಕೆ ನೋಡಿದಳು. ಗಂಡ ಪಕ್ಕದಲ್ಲೇ ಕೂತು ಕಡುಬು ಮುರಿಯುತ್ತಿದ್ದ. ದೊಡ್ಡಮ್ಮ ಬಿಡಬೇಕಲ್ಲ! ಯಾರು ಯಾರು ಬಂದರು, ತಿಥಿಗೆ ಏನೇನು ಮಾಡಿದರು, ಕೋಳಿ ಸಾರಿಗೆ ಖಾರ ಹೇಗೆ ಹೆಚ್ಚಾಯಿತು ಎಂದೆಲ್ಲ ಹೇಳಿ ಕೊನೆಗೆ, "ಎಲ್ಲಾರೂ ಅತ್ರು. ನೀನೊಬ್ಳೇ ಅಳ್ಲಿಲ್ಲ ಕಣವ್ವ" ಎಂದು ಮುಗಿಸಿದರು. ಅಷ್ಟೇ, ನನ್ನ ಹೆಂಡತಿಯ ಮುಖ ಕೆಂಪಾಯಿತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಸಕಲೇಶಪುರ ಮುಟ್ಟುವವರೆಗೂ ಒಂದೇ ಮಾತು: ನಾನು ಅಳದೇ ಇರುತ್ತೇನಾ? ನಾನು ಅಂಥವಳಾ? ಗಂಡ ಸತ್ತಿದ್ದರ ಬಗ್ಗೆ ಅವಳಿಗೆ ಯಾವ ತಕರಾರೂ ಇರಲಿಲ್ಲ ಎಂಬುದನ್ನು ನಾನು ಆಗಲೇ ಗಮನಿಸಿದೆ.

ಯಸಳೂರಿನಲ್ಲಿ ಕಾಫಿ ಕೊಳ್ಳುವ ಸಾಹೇಬರೊಬ್ಬರಿದ್ದಾರೆ. ಬಹಳ ಗಂಭೀರ ಮನುಷ್ಯ. ಅಂಗಡಿಯ ತುಂಬ ಜನ ಮೂಟೆ ಇಳಿಸುತ್ತಿರುವಾಗ ದೊಡ್ಡಮ್ಮ ಹೋಗಿ, ನೆನ್ನೆ ನೀವು ತೀರಿಕೊಂಡ್ರಿ ಸಾಹೇಬ್ರೇ ಎಂದುಬಿಟ್ಟರು. ಮೂಟೆ ಹೊತ್ತವನು ಹೊತ್ತಂತೆಯೇ ನಿಂತ. ಸಾಹೇಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಜನ ಚೆನ್ನಾಗಿ ಸೇರಿದ್ರಾ ಅಮ್ಮಾ ಎಂದು ಕೇಳಿದರು. ಸೇರಿದ್ದರಂತೆ, ಬಿರಿಯಾನಿ ಸಾಲದೆ ದೊಡ್ಡಮ್ಮನೇ ಮನೆಯಿಂದ ಅಕ್ಕಿ ಕಳಿಸಬೇಕಾಯಿತಂತೆ. ಆಮೇಲೆ ಸಾಹೇಬರು ಒಂದು ದೊಡ್ಡ ಕಾಯಿಲೆಯಿಂದ ಎದ್ದು ಬಂದರು. ಅಂದಿನಿಂದ ದೊಡ್ಡಮ್ಮ ಅಂಗಡಿಗೆ ಹೋದರೆ ಕುರ್ಚಿ ಹಾಕಿಸಿ ಚಹಾ ತರಿಸಿ, ಈಚೆಗೆ ನನ್ನ ಸುದ್ದಿ ಏನೂ ಇಲ್ವಲ್ಲಮ್ಮ ಎಂದು ನೆನಪಿಸುತ್ತಾರೆ.

ಇಲ್ಲಿ ನನ್ನ ವಿಚಾರ ಸ್ವಲ್ಪ ಹೇಳಬೇಕು. ನಾನು ಕತೆ ಬರೆಯುತ್ತೇನೆ. ಒಂದೆರಡು ಪತ್ರಿಕೆಯಲ್ಲೂ ಬಂದಿವೆ. ನನ್ನ ಕತೆಗಳಲ್ಲಿ ನಾಯಕ ಕಿಟಕಿಯ ಪಕ್ಕ ಕೂತು ತನ್ನನ್ನು ತಾನು ಹುಡುಕಿಕೊಳ್ಳುತ್ತಾನೆ. ಅವನಿಗೆ ಕನಸುಗಳೂ ಬೀಳುತ್ತವೆ. ಕನ್ನಡಿ, ಕತ್ತಲೆ, ಬಾಗಿಲಿಲ್ಲದ ಮನೆ, ಇಂಥವು. ಬಹಳ ಆಳವಾದ ಕತೆಗಳು ಎಂದು ಗಣಿತದ ಮೇಷ್ಟ್ರು ಹೇಳಿದ್ದಾರೆ. ಅಂಥದೊಂದನ್ನು ದೊಡ್ಡಮ್ಮನಿಗೆ ಓದಿ ಹೇಳಿದೆ. ಅವರು ಮೆಣಸು ಬಿಡಿಸುತ್ತಾ ಪೂರ್ತಿ ಕೇಳಿದರು.

"ಇವ್ನು ಯಾರನ್ನ ಹುಡುಕ್ತಾವ್ನೆ?"

"ತನ್ನನ್ನೇ ದೊಡ್ಡಮ್ಮ."

"ಅಲ್ಲೇ ಕೂತವ್ನಲ್ಲೋ ಮಾರಾಯ."

ಆಮೇಲೆ, ನಿನ್ನ ಕತೆಯಲ್ಲಿ ಯಾರೂ ಉಣ್ಣುವುದಿಲ್ಲ, ಯಾರಿಗೂ ಕಾಲು ನೋಯುವುದಿಲ್ಲ, ಹಾಗಿದ್ದರೆ ಅವರು ಬದುಕಿದ್ದಾರೆ ಅಂತ ನಾನು ಹೇಗೆ ನಂಬುವುದು ಎಂದೂ ಕೇಳಿದರು. ನನಗೆ ಎಂಥಾ ಸಿಟ್ಟು ಬಂತು ಗೊತ್ತೇ? ನಿದ್ದೆಯಲ್ಲಿ ತಾನಾಗಿ ಬೀಳುವ ಕನಸನ್ನು ಬೆಳಗೆದ್ದು ಒಪ್ಪಿಸುವವರಿಗೆ ಕಲ್ಪನೆಯ ಕಷ್ಟವೇನು ಗೊತ್ತು ಎಂದುಕೊಂಡೆ.

ಇನ್ನು ಕೇಳಿ. ಹೋದ ವರ್ಷ ನನ್ನ ಪಿತ್ತಕೋಶದಲ್ಲಿ ಕಲ್ಲು ಸಿಕ್ಕಿ, ಆಪರೇಷನ್ ಆಗಬೇಕೆಂದು ಹಾಸನದ ಡಾಕ್ಟರು ಹೇಳಿದರು. ಅಡ್ಮಿಟ್ ಆಗುವ ಮುಂಚೆ ದೊಡ್ಡಮ್ಮನನ್ನು ನೋಡಿಕೊಂಡು ಬರೋಣವೆಂದು ಒಂದು ಮಧ್ಯಾಹ್ನ ಹೆಗ್ಗದ್ದೆಗೆ ಹೋದೆ. ಜಗಲಿಯಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಳಗೆ ಅಡುಗೆಮನೆಯಲ್ಲಿ ದೊಡ್ಡಪ್ಪ ಮತ್ತು ದೊಡ್ಡಮ್ಮ ಮಾತಾಡಿಕೊಳ್ಳುತ್ತಿದ್ದರು.

"ನೀರಿಗೆ ಬೀಳ್ಸಾನ?" ಇದು ದೊಡ್ಡಪ್ಪ.

"ಬ್ಯಾಡ. ಹೊಳೆ ಹತ್ರದಲ್ಲೇ ಐತೆ, ಅವನಿಗೆ ಈಜು ಬರಲ್ಲ."

"ಹಂಗಾರೆ ಆನೆ?"

"ಥೂ! ಆನೆ ದಿನಾ ತೋಟಕ್ಕೆ ಬರ್ತದೆ, ಅದನ್ನ ಯಾಕೆ ತರ್ತೀರಿ? ಏನಾರ ಮಾಡಿ ನಾಳೆ ಬೆಳಗ್ಗೆ ಒಳಗೆ ಇವನ್ದು ಮುಗಿಸ್ಬೇಕು. ಆಪರೇಷನ್‌ಗೆ ಹೋಗೋಕೆ ಮುಂಚೆ."

ನಾನು ಇದ್ದಲ್ಲೇ ನಿಂತೆ. ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ! ಹೆತ್ತ ತಾಯಿಯಷ್ಟೇ ಪ್ರೀತಿಯಿಂದ ಸಾಕಿದ ದೊಡ್ಡಮ್ಮ, ಒಂದು ಜಿಗಣೆಯನ್ನೂ ಹಿಸುಕದೆ ಮೆಲ್ಲಗೆ ಬಿಡಿಸಿ ಹುಲ್ಲಿಗೆ ಬಿಡುವ ದೊಡ್ಡಪ್ಪ! ಅಷ್ಟರಲ್ಲಿ ದೊಡ್ಡಪ್ಪ, ಅವನ ಹೆಂಡ್ತಿ ಎಂದು ಕೇಳಿದರು. "ಅವ್ಳು ಅಳಲ್ಲ" ಎಂದರು ದೊಡ್ಡಮ್ಮ. ಅಂದರೆ ಅವಳೂ ಇದರಲ್ಲಿ ಸೇರಿದ್ದಾಳೆ! ಬಸ್ಸಿನಲ್ಲಿ ಅವಳು ನನ್ನ ಸಾವಿಗೆ ತಕರಾರು ಮಾಡದೇ ಇದ್ದದ್ದು ಥಟ್ಟನೆ ನೆನಪಾಯಿತು.

ಕೈಯಲ್ಲಿದ್ದ ಚಪ್ಪಲಿ ಕೆಳಗೆ ಬಿತ್ತು. ದೊಡ್ಡಮ್ಮ ಈಚೆ ಬಂದು ನನ್ನ ಮುಖ ನೋಡಿದರು. ಸಿಕ್ಕಿಬಿದ್ದವರ ನಾಚಿಕೆ ಲವಲೇಶವೂ ಇಲ್ಲ. ಎಷ್ಟು ಕೇಳಿಸಿಕೊಂಡೆ ಎಂದು ಮಾತ್ರ ವಿಚಾರಿಸಿದರು. ಪೂರ್ತಿ ಎಂದೆ. ಹಾಗಾದರೆ ಬಾ, ನೀನೇ ಹೇಳು, ಎಂಗೆ ಸಾಯ್ತೀಯ ಎಂದು ಒಳಗೆ ಕರೆದುಕೊಂಡು ಹೋಗಿ ಮಣೆ ಹಾಕಿದರು.

ಆವತ್ತು ಗೊತ್ತಾಯಿತು, ದೊಡ್ಡಮ್ಮನಿಗೆ ಕನಸೇ ಬೀಳುವುದಿಲ್ಲ. ಮಲಗಿದರೆ ಏಳುವುದು ಬೆಳಗ್ಗೆಯೇ. ಇಷ್ಟು ವರ್ಷ ನಮ್ಮನ್ನೆಲ್ಲ ಅವರು ಸಾಯಿಸಿದ್ದು ಎಚ್ಚರದಲ್ಲಿ, ಒಲೆಯ ಮುಂದೆ ಕೂತು, ದೊಡ್ಡಪ್ಪನ ಜೊತೆ ಚರ್ಚೆ ಮಾಡಿ! ಯಾರಿಗೆ ಕಾಯಿಲೆಯೋ, ಯಾರು ಹೊಸದಾಗಿ ಬೈಕ್ ಕೊಂಡರೋ, ಯಾರು ದೂರದ ಊರಿಗೆ ಹೊರಟರೋ, ಅವರ ಹೆಸರು ಮೊದಲು. ಅದಕ್ಕೆ ನಿಯಮಗಳೂ ಇದ್ದವು. ನಿಜವಾಗಿ ಆಗಬಹುದಾದ ಸಾವನ್ನು ಕನಸಿಗೆ ತರಬಾರದು. ತಿಥಿಯ ಊಟದಲ್ಲಿ ಯಾರಿಗೂ ಕಮ್ಮಿಯಾಗಬಾರದು. ಎಲ್ಲಕ್ಕಿಂತ ಮುಖ್ಯ, ತೀರಾ ಹತ್ತಿರದವರು ಅಳಬಾರದು.

"ಹತ್ರದೋರು ಅತ್ರೆ ಒಪ್ಕಂಡಂಗೆ ಕಣೋ. ಅವರಿಗೆ ಗೊತ್ತಿರ್ತದೆ ಇದು ನಿಜ ಅಲ್ಲ ಅಂತ."

ನಾನು ಕತೆಗಾರನ ಗತ್ತಿನಲ್ಲಿ, ಕಟ್ಟಿದ ಕನಸಿಗೂ ಆಯಸ್ಸು ಹೆಚ್ಚುತ್ತದೆಯೇ ಎಂದು ವಾದಕ್ಕಿಳಿದೆ. ಕನಸು ತಾನಾಗಿ ಬೀಳುವ ತನಕ ಕಾಯುತ್ತಾ ಕೂತಿದ್ದರೆ ಯಾರಿಗೆ ಏನಾಗುತ್ತೋ ಯಾರು ಕಂಡರು ಎಂದರು ಅವರು. ಆದರೂ ಇದು ಸುಳ್ಳಲ್ಲವೇ ಎಂದೆ. ದೊಡ್ಡಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ನೀನು ಸತ್ತಿದೀಯಾ ಎಂದು ಕೇಳಿದರು. ಇಲ್ಲ ಎಂದೆ. ಮತ್ತಿನ್ನೇನು ಎಂದರು. ಮಾರನೆಯ ಬೆಳಗ್ಗೆ ನಾನು ಮೋಡದ ಮೇಲೆ ಕೂತು ಅಕ್ಕಿರೊಟ್ಟಿ ತಿನ್ನುತ್ತಾ, ಕೆಳಗಿದ್ದ ಚಟ್ನಿಗೆ ಕೈ ಚಾಚಿ ಜಾರಿ ಬಿದ್ದು ಸತ್ತೆ. ಆಪರೇಷನ್ ಸುಸೂತ್ರವಾಗಿ ಆಯಿತು. ನನ್ನ ಹೆಂಡತಿಗೆ ಆ ಮೂರನೆಯ ನಿಯಮವನ್ನು ಹೇಳಿದೆ. ಅವಳು ಕೂಡಲೇ ದೊಡ್ಡಮ್ಮನಿಗೆ ತಾನೇ ಫೋನ್ ಮಾಡಿದಳು.

ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಈ ವರ್ಷ ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ದೊಡ್ಡಮ್ಮನಿಗೆ ಎದೆನೋವು ಬಂತು. ಹೃದಯದ ಆಪರೇಷನ್ ಆಗದೆ ಬೇರೆ ದಾರಿಯಿಲ್ಲ, ವಯಸ್ಸಾಗಿದೆ, ಏನೂ ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಹಾಸನದ ಆಸ್ಪತ್ರೆಗೆ ನಾನು ಹೋದಾಗ ದೊಡ್ಡಪ್ಪ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ದೊಡ್ಡಮ್ಮ ಹೇಗಿದ್ದಾರೆ ಎಂದು ಕೇಳಿದೆ.

"ಹೆದರ್ಕಂಡವ್ಳೆ ಕಣೋ. ಊರೋರನ್ನೆಲ್ಲಾ ಸಾಯಿಸಿದ್ಳು, ಅವ್ಳನ್ನ ಸಾಯಿಸೋರು ಯಾರೂ ಇಲ್ಲ. ನಾನೇ ಹೇಳಾನ ಅಂತ ರಾತ್ರಿಯಿಂದ ಕಟ್ತಾ ಕೂತಿದೀನಿ. ಆಗ್ತಿಲ್ಲ ಕಣೋ. ಸುಳ್ಳಿಗೂ ಅವ್ಳನ್ನ ಸಾಯಿಸಕ್ಕೆ ಆಗ್ತಿಲ್ಲ."

ನಾನು ಒಳಗೆ ಹೋದೆ. ದೊಡ್ಡಮ್ಮ ಹಸಿರು ಬಟ್ಟೆ ಹಾಕಿಕೊಂಡು, ಬಳೆ ತೆಗೆಸಿಕೊಂಡು ಮಲಗಿದ್ದರು. ಬಳೆಯಿಲ್ಲದ ಆ ಕೈಯನ್ನು ಹಿಡಿದುಕೊಂಡು ಕೂತೆ. ಎಷ್ಟೋ ಕತೆ ಬರೆದಿದ್ದೇನೆ. ಮೊದಲ ಸಾಲು ಇಷ್ಟು ಕಷ್ಟವಾದದ್ದು ಇದೊಂದೇ.

"ದೊಡ್ಡಮ್ಮ, ರಾತ್ರಿ ನೀವು ಸತ್ತೋದ್ರಿ."

ಅವರು ಕಣ್ಣು ಬಿಟ್ಟರು. "ಎಂಗೆ?"

ತೋಟವೆಲ್ಲ ಒಂದೇ ಸಲಕ್ಕೆ ಹೂವಾಗಿತ್ತು ಎಂದೆ. ಗುಡ್ಡ, ಕಣ, ಮನೆಯ ಹೆಂಚು ಎಲ್ಲ ಬೆಳ್ಳಗೆ. ನೀವು ಬಾಗಿಲು ತೆಗೆದಿರಿ. ಆ ಕಾಫಿ ಹೂವಿನ ವಾಸನೆಗೆ ಉಸಿರು ಎಳೆದುಕೊಂಡಿರಿ, ಎಳೆದುಕೊಂಡಿರಿ, ಬಿಡುವುದನ್ನೇ ಮರೆತಿರಿ. ಹಾಗೇ ಮೇಲಕ್ಕೆ ತೇಲಿ ಹೋಗಿಬಿಟ್ಟಿರಿ.

"ಹೂವಿಗೆ ಮಳೆ ಬಿದ್ದಿತ್ತಾ?"

"ಬಿದ್ದಿತ್ತು."

"ಹೊತ್ತಿಗೆ ಸರಿಯಾಗಿ?"

"ಹೊತ್ತಿಗೆ ಸರಿಯಾಗಿ."

"ಹಂಗಾರೆ ಕನಸೇ ಬಿಡು, ಆ ಮಳೆ ಯಾವತ್ತು ಹೊತ್ತಿಗೆ ಬಂದೈತೆ" ಎಂದು ನಕ್ಕರು. ಆಮೇಲೆ ಪರೀಕ್ಷೆ ಶುರುವಾಯಿತು. ಯಾವ ಸೀರೆ ಉಡಿಸಿದರು, ಕಡುಬು ಯಾರು ಕಟ್ಟಿದರು, ಸಾಹೇಬರು ಬಂದಿದ್ದರೇ? ಬಂದಿದ್ದರು, ಅಕ್ಕಿ ಸಾಲದು ಅಂತ ಅವರೇ ಒಂದು ಮೂಟೆ ಕಳಿಸಿದರು ಎಂದೆ. ತೋಟದ ಕೂಲಿ ಲೈನಿನ ಹೆಂಗಸರು ಎದೆ ಬಡಿದುಕೊಂಡು ಅತ್ತರು, ನನ್ನ ಹೆಂಡತಿ ಅತ್ತಳು, ಕಂಡಕ್ಟರು ಬಸ್ ನಿಲ್ಲಿಸಿ ಬಂದು ಅತ್ತ ಎಂದೆ. ದೊಡ್ಡಮ್ಮ ಒಂದು ಕ್ಷಣ ಬಾಗಿಲ ಕಡೆ ನೋಡಿದರು. ದನಿ ಸಣ್ಣದಾಯಿತು.

"ಅವ್ರು?"

"ಅವರೊಬ್ಬರೇ ಅಳಲಿಲ್ಲ ದೊಡ್ಡಮ್ಮ. ಅಷ್ಟು ಜನರ ಮಧ್ಯೆ ಒಳಗೆ ಹೋಗಿ ಒಲೆ ಹಚ್ಚಿ ಕಾಫಿ ಕಾಯಿಸ್ತಾ ಕೂತಿದ್ರು. ಎರಡು ಲೋಟ ಇಟ್ಕೊಂಡು."

ದೊಡ್ಡಮ್ಮ ಕಣ್ಣು ಮುಚ್ಚಿದರು. ನನ್ನ ಕೈಯನ್ನು ಒಂದು ಸಲ ಹಿಸುಕಿ ಬಿಟ್ಟರು. ಅವರನ್ನು ಕರೆದುಕೊಂಡು ಹೋಗಲು ನರ್ಸ್ ಬಂದರು. ದೊಡ್ಡಪ್ಪ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು ಎಂದು ನನಗೆ ಆಗ ಗೊತ್ತಾಯಿತು.

ಆಪರೇಷನ್ ಆಗಿ ಕೆಲವು ದಿನ ಕಳೆದು ದೊಡ್ಡಮ್ಮನನ್ನು ಮತ್ತೆ ವಾರ್ಡಿಗೆ ತಂದರು. ನಾವು ನೋಡಲು ಹೋದಾಗ ಮುಖ ಬಾಡಿತ್ತು, ಆದರೆ ಕಣ್ಣಿನಲ್ಲಿ ಹಳೆಯ ಕಳೆ ಇತ್ತು. ದೊಡ್ಡಪ್ಪ ಕ್ಯಾಂಟೀನಿನಿಂದ ಎರಡು ಲೋಟ ಕಾಫಿ ಹಿಡಿದುಕೊಂಡು ಬಂದರು. ಕಾಫಿ ಕೊಡುವ ಹಾಗಿಲ್ಲ ಎಂದು ನರ್ಸ್ ಗದರಿದರು. ಏನು ಮಾಡುವುದೆಂದು ತಿಳಿಯದೆ ದೊಡ್ಡಪ್ಪ ಎರಡೂ ಲೋಟ ಹಿಡಿದು ನಿಂತೇ ಇದ್ದರು. ದೊಡ್ಡಮ್ಮ ಗಂಡನನ್ನು ನೋಡಿದರು, ಲೋಟಗಳನ್ನು ನೋಡಿದರು, ಆಮೇಲೆ ಗಲ್ಲದಿಂದಲೇ ನನ್ನನ್ನು ತೋರಿಸಿದರು.

"ನಂದು ಅವನಿಗೆ ಕೊಡ್ರಿ. ಚೆನ್ನಾಗಿ ಸಾಯಿಸ್ದ."